ಕೋಳಿಗಳ ಹಿಂಡಿಗೆ ಹೊಸ ಮರಿ



ಪಾಠ ಹೇಳುವುದನ್ನು ವೃತ್ತಿಯಾಗಿ ಮಾಡಿಕೊಂಡಿರುವ ನಮ್ಮಂಥವರು ಕೋಳಿಗಳನ್ನು ಕುರಿತು ಮಾತನಾಡಹೊರಟರೆ ಕೇಳುವವರಲ್ಲಿ ಎರಡು ಸಂದೇಹಗಳು ಹುಟ್ಟುವುದು ಸಹಜ. ಇವರಿಗೆ ಕೋಳಿಯ ವಿಷಯ ಏನು ಗೊತ್ತು ಎಂಬುದು ಮೊದಲನೆಯದು. ಗೊತ್ತಿದ್ದರೂ ಅದನ್ನು ಸುಶಿಕ್ಷಿತರ ಮುಂದೆ ಹೇಳಬೇಕೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಸುಲಭ. ನಮ್ಮ ಮನೆಯ ಹಿತ್ತಿಲಿನಲ್ಲಿ ಹಲವು ವರ್ಷಗಳಿಂದ ಕೋಳಿಗಳಿವೆ. ಸಾಯಂಕಾಲ ಕಾಲೇಜಿನಿಂದ ಬಂದಮೇಲೆ ಅವುಗಳ ಮುಂದೆ ಕುರ್ಚಿ ಹಾಕಿಕೊಂಡು ಕೊಂಚ ಹೊತ್ತು ಕುಳಿತುಕೊಳ್ಳುವುದು ನಮಗೆ ರೂಢಿಯಾಗಿದೆ. ಎರಡನೆಯದಕ್ಕೆ ಉತ್ತರವನ್ನು ಭಾಷಣ ಮುಗಿದಮೇಲೆ ತಾವೇ ಕೊಟ್ಟುಕೊಳ್ಳಬಹುದು. ಮೊಟ್ಟೆಯನ್ನು ಮುಟ್ಟದ ಮಹನೀಯರೂ ನಿಶ್ಚಿಂತೆಯಾಗಿ ಕೇಳಬಹುದು. ಈ ದಿನ ಅಡಿಗೆಯ ಮಾತು ಬರುವುದಿಲ್ಲ.

ವಿಷಯ ಇಷ್ಟೆ. ಒಂದು ಹಿತ್ತಿಲಿನಲ್ಲಿ ಆರೋ ಏಳೋ ಹೇಂಟೆಗಳು ಬಹುದಿನಗಳಿಂದ ಸೌಖ್ಯವಾಗಿ ಬಾಳುತ್ತಿವೆ. ಯಜಮಾನರಿಗೆ ಇನ್ನೊಂದಿರಲಿ ಎಂದು ಆಸೆಯಾಗುತ್ತದೆ. ಸಂತೆಯಿಂದ ಮೂರು ತಿಂಗಳ ಎಳೆಯ ಹೇಂಟೆಯೊಂದನ್ನು ಕೊಂಡು, ಕಾಲು ಕಟ್ಟಿ ತಲೆಕೆಳಗಾಗಿ ಹಿಡಿದು ತಂದು, ಹಗಲುಹೊತ್ತಿನಲ್ಲಿ ಕಟ್ಟು ಬಿಚ್ಚಿ ಹಿಂಡಿನ ನಡುವೆ ಬಿಡುತ್ತಾರೆ. ಒಂದು ಕ್ಷಣ ಎಲ್ಲವೂ ನಿಶ್ಶಬ್ದ. ಕೆದಕುತ್ತಿದ್ದ ಕೋಳಿಗಳು ಕೆದಕುವುದನ್ನು ನಿಲ್ಲಿಸಿ ಕತ್ತೆತ್ತಿ ನೋಡುತ್ತವೆ. ಆಮೇಲೆ ಅವುಗಳಲ್ಲಿ ಒಂದು ಕತ್ತಿನ ಗರಿಗಳನ್ನು ಕೆದರಿಕೊಂಡು ಮುಂದೆ ಬರುತ್ತದೆ. ಅದರ ಹಿಂದೆ ಇನ್ನೊಂದು. ಕಾಲು ಗಂಟೆ ಕಳೆಯುವಷ್ಟರಲ್ಲಿ ಹೊಸ ಮರಿಯ ಜುಟ್ಟು ರಕ್ತವಾಗಿರುತ್ತದೆ, ಹಿಂಗತ್ತಿನ ಗರಿ ಕಿತ್ತುಹೋಗಿರುತ್ತದೆ, ಅದು ಗೋಡೆಯ ಮೂಲೆಗೆ ತಲೆಯನ್ನು ಒತ್ತಿಕೊಂಡು, ಬೆನ್ನನ್ನು ಶತ್ರುಗಳಿಗೆ ಒಪ್ಪಿಸಿ ನಿಂತಿರುತ್ತದೆ. ಯಜಮಾನರು, “ಎರಡು ದಿನ ಕುಕ್ಕುತ್ತವೆ, ಆಮೇಲೆ ತಾವೇ ಸರಿಹೋಗುತ್ತವೆ” ಎಂದು ಹೇಳಿ ಒಳಗೆ ಹೋಗುತ್ತಾರೆ. ಸರಿಹೋಗುವುದೂ ಉಂಟು. ಮರುದಿನ ಬೆಳಿಗ್ಗೆ ಗೂಡಿನ ಬಾಗಿಲು ತೆಗೆದಾಗ ಮೂಲೆಯಲ್ಲಿ ಮರಿ ಸತ್ತು ಬಿದ್ದಿರುವುದೂ ಉಂಟು. ಈ ಎರಡರಲ್ಲಿ ಯಾವುದಾಗುತ್ತದೆ ಎಂಬುದು ಮರಿಯ ಹಣೆಯಬರಹವಲ್ಲ, ಬಹುಮಟ್ಟಿಗೆ ಯಜಮಾನರ ಏರ್ಪಾಟು ಎಂದು ತೋರಿಸುವುದೇ ಈ ಭಾಷಣದ ಉದ್ದೇಶ.

ಹೇಂಟೆಗಳು ಹೀಗೇಕೆ ಮಾಡುತ್ತವೆ? ದುಷ್ಟತನ, ಹೊಟ್ಟೆಕಿಚ್ಚು ಮುಂತಾದ ಮಾತುಗಳನ್ನು ಬಳಸಿ ಇದಕ್ಕೆ ಉತ್ತರ ಹೇಳಿದವರು ಬಹಳ ಮಂದಿ. ಕಣ್ಣಿಟ್ಟು ನೋಡಿ ಉತ್ತರ ಹೇಳಿದವನು ನಾರ್ವೆ ದೇಶದ ಥಾರ್ಲೀಫ್ ಶೆಲ್ಡೆರುಪ್-ಎಬ್ಬೆ ಎಂಬಾತ. ಈತ ಹುಟ್ಟಿದ್ದು ೧೮೯೪ರಲ್ಲಿ. ಹುಡುಗನಾಗಿದ್ದಾಗಲೇ ಕೋಳಿಗಳ ಮೇಲೆ ಇವನಿಗೆ ವಿಚಿತ್ರವಾದ ಮೋಹ. ಒಂದೊಂದು ಹೇಂಟೆಯನ್ನೂ ಮುಖದಿಂದ ಗುರುತಿಸಿ, ಯಾವುದು ಯಾವುದನ್ನು ಕುಕ್ಕಿತು, ಯಾವುದು ಯಾವುದಕ್ಕೆ ದಾರಿ ಬಿಟ್ಟಿತು ಎಂದು ಪುಸ್ತಕದಲ್ಲಿ ಬರೆದಿಡುತ್ತಿದ್ದನಂತೆ. ನಮ್ಮ ಹುಡುಗರು ಕ್ರಿಕೆಟ್ಟಿನ ಲೆಕ್ಕ ಬರೆದಿಡುವ ಹಾಗೆ ಎಂದುಕೊಳ್ಳೋಣ. ಆ ಹುಡುಗಾಟದ ಪುಸ್ತಕವೇ ಬೆಳೆದು ೧೯೨೨ರಲ್ಲಿ ಜರ್ಮನ್ ಭಾಷೆಯ ಮನಶ್ಶಾಸ್ತ್ರ ಪತ್ರಿಕೆಯೊಂದರಲ್ಲಿ ಪ್ರಬಂಧವಾಗಿ ಹೊರಬಂತು. ಕೋಳಿಗಳ ಪ್ರತಿಯೊಂದು ಹಿಂಡಿನಲ್ಲಿಯೂ ಒಂದು ಕ್ರಮವಿದೆ. ಮೇಲಿನದು ಕೆಳಗಿನದನ್ನು ಕುಕ್ಕುತ್ತದೆ, ಕೆಳಗಿನದು ತಿರುಗಿ ಕುಕ್ಕುವುದಿಲ್ಲ. ಇದು ಆ ಪ್ರಬಂಧದ ಸಾರ. ಇದನ್ನು ಕನ್ನಡದಲ್ಲಿ ಕುಕ್ಕುವ ಕ್ರಮ ಎನ್ನಬಹುದು. ಈಗ ಕಚೇರಿಗಳನ್ನೂ ಸಭೆಗಳನ್ನೂ ಕುರಿತು ಜಗತ್ತಿನಲ್ಲೆಲ್ಲ ಈ ಮಾತನ್ನು ಆಡುತ್ತಾರಾದರೂ ಇದು ಮೊದಲು ಹುಟ್ಟಿದ್ದು ಕೋಳಿಗೂಡಿನ ಮುಂದೆ ಕುಳಿತಿದ್ದ ಹುಡುಗನೊಬ್ಬನ ಕುತೂಹಲದಿಂದ.

ಕ್ರಮವೆಂದ ಮಾತ್ರಕ್ಕೆ ಅದು ಏಣಿಯ ಮೆಟ್ಟಿಲುಗಳಂತೆ ಯಾವಾಗಲೂ ನೇರವಾಗಿರುತ್ತದೆಂದು ಭಾವಿಸಬಾರದು. ಕೆಂಪು ಕೋಳಿ ಬಿಳಿಯದನ್ನು ಕುಕ್ಕುತ್ತದೆ, ಬಿಳಿಯದು ಕರಿಯದನ್ನು ಕುಕ್ಕುತ್ತದೆ, ಆ ಕರಿಯದು ಬಂದು ಕೆಂಪನ್ನೇ ಕುಕ್ಕುತ್ತದೆ. ಇಂಥ ಮುಕ್ಕೋಣಗಳನ್ನು ಶೆಲ್ಡೆರುಪ್-ಎಬ್ಬೆಯೇ ಗುರುತಿಸಿದ್ದನು. ಏಕೆಂದರೆ ಈ ಕ್ರಮವು ಒಟ್ಟು ಹಿಂಡು ಕೂಡಿ ಮಾಡಿಕೊಂಡ ಶಾಸನವಲ್ಲ. ಇದು ಎರಡೆರಡು ಹಕ್ಕಿಗಳ ನಡುವೆ ಎಂದೋ ತೀರ್ಮಾನವಾಗಿ, ಎರಡೂ ನೆನಪಿಟ್ಟುಕೊಂಡಿರುವ ಒಪ್ಪಂದಗಳ ಮೊತ್ತ. ಏಳು ಕೋಳಿಗಳಿದ್ದರೆ ಇಪ್ಪತ್ತೊಂದು ಒಪ್ಪಂದಗಳು. ಎಂಟನೆಯದು ಬಂದೊಡನೆ ಒಂದೇ ದಿನದಲ್ಲಿ ಇನ್ನೂ ಏಳು ಒಪ್ಪಂದಗಳಾಗಬೇಕು, ಆ ಏಳಕ್ಕೂ ಒಂದು ಪಕ್ಷದಲ್ಲಿ ನಿಲ್ಲತಕ್ಕದ್ದು ಆ ಮರಿಯೊಂದೇ. ನಮ್ಮ ವಿಷಯದ ಗಂಟು ಇರುವುದು ಈ ಲೆಕ್ಕದಲ್ಲಿ. ಹಳೆಯ ಕೋಳಿಗಳಲ್ಲಿ ಒಂದೊಂದಕ್ಕೂ ಒಂದೊಂದೇ ಜಗಳ, ಹೊಸದಕ್ಕೆ ಏಳು.

ಈ ಕ್ರಮ ನೋಡುವುದಕ್ಕೆ ಕ್ರೂರವಾಗಿದ್ದರೂ ಹಿಂಡಿನ ನೆಮ್ಮದಿ ಇದರಿಂದಲೇ. ಒಪ್ಪಂದ ಒಮ್ಮೆ ಆಯಿತೆಂದರೆ ಕುಕ್ಕಬೇಕಾದ ಅವಶ್ಯಕತೆ ಬಹಳ ಕಡಮೆ. ಮೇಲಿನದು ಸ್ವಲ್ಪ ಕತ್ತೆತ್ತಿದರೆ ಸಾಕು, ಕೆಳಗಿನದು ಪಕ್ಕಕ್ಕೆ ಸರಿಯುತ್ತದೆ. ಕೋಳಿಗಳ ಪೂರ್ವಿಕರಾದ ಕಾಡುಕೋಳಿಗಳು ಸಣ್ಣ ಸಣ್ಣ ಗುಂಪುಗಳಲ್ಲಿ ವಾಸಿಸತಕ್ಕವು. ಕಾಳು ಹುಳುಗಳಿಗಾಗಿ ದಿನವೂ ಹೊಡೆದಾಡುತ್ತಿದ್ದರೆ ಅವು ಕಾಡುಬೆಕ್ಕಿಗೂ ಗಿಡುಗನಿಗೂ ಆಹಾರವಾಗಿ ಎಂದೋ ಮುಗಿದುಹೋಗುತ್ತಿದ್ದುವು. ಕೋಳಿಯ ಮೂಲಪುರುಷ ಆಗ್ನೇಯ ಏಷ್ಯದ ಕೆಂಪು ಕಾಡುಕೋಳಿ ಎಂಬುದು ವಿದ್ವಾಂಸರ ಮತ. ಆದರೆ ನಮ್ಮ ಮಲೆನಾಡಿನ ಕಾಡುಗಳಲ್ಲಿ ನಸುಕಿನಲ್ಲಿ ಕೂಗುವ ಬೂದುಬಣ್ಣದ ಕಾಡುಕೋಳಿಯದೂ ಇದರಲ್ಲಿ ಒಂದು ಪಾಲಿದೆ. ಸಾಕುಕೋಳಿಗಳಲ್ಲಿ ಅನೇಕಕ್ಕೆ ಇರುವ ಹಳದಿ ಚರ್ಮ ಈ ಬೂದು ಕಾಡುಕೋಳಿಯ ಕಡೆಯಿಂದ ಬಂದದ್ದೆಂದು ೨೦೦೮ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿಕೊಟ್ಟಿತು. ಅಂತೂ ಸ್ವೀಡನ್ನಿನಲ್ಲಿಯೋ ಅಮೆರಿಕದಲ್ಲಿಯೋ ಸಾಕಿದ ಹಳದಿ ಕಾಲಿನ ಕೋಳಿಗೆ ಪಶ್ಚಿಮಘಟ್ಟದ ಸಂಬಂಧ ಉಂಟೆಂದಾಯಿತು.

ಒಪ್ಪಂದ ನೆನಪಿರಬೇಕಾದರೆ ಮುಖ ನೆನಪಿರಬೇಕಷ್ಟೆ. ಕೋಳಿ ಗುರುತು ಹಿಡಿಯುವುದು ಮುಖ್ಯವಾಗಿ ತಲೆಯನ್ನೂ ಕತ್ತನ್ನೂ ನೋಡಿ. ಅಮೆರಿಕದ ಕಾನ್ಸಸ್ಸಿನಲ್ಲಿ ಗೂಲ್ ಮತ್ತು ಆರ್ಟ್‌ಮನ್ ಎಂಬವರು ಹೇಂಟೆಗಳ ಬಣ್ಣವನ್ನೂ ಆಕಾರವನ್ನೂ ಬೇರೆ ಬೇರೆ ಭಾಗಗಳಲ್ಲಿ ಮಾರ್ಪಡಿಸಿ ಪರೀಕ್ಷಿಸಿದರು. ಮೈ ಬದಲಾದರೆ ಹಿಂಡು ಅಷ್ಟಾಗಿ ಮೋಸಹೋಗಲಿಲ್ಲ. ತಲೆ ಕತ್ತುಗಳು ಬದಲಾದರೆ ಹಳೆಯ ಗೆಳತಿಯೂ ಅಪರಿಚಿತಳಾದಳು ಎಂದು ೧೯೫೩ರಲ್ಲಿ ಅವರು ವರದಿ ಮಾಡಿದರು. ನೆನಪಿಗೆ ಅವಧಿಯೂ ಉಂಟು. ಕಾಯಿಲೆಯೆಂದು ಬೇರೆಯಿಟ್ಟಿದ್ದ ಕೋಳಿಯನ್ನು ಎರಡು ಮೂರು ವಾರ ಕಳೆದಮೇಲೆ ಹಿಂದಕ್ಕೆ ಬಿಟ್ಟರೆ ಅದನ್ನು ಹೊಸದೆಂದೇ ಎಣಿಸಿ ಮೇಲೆ ಬೀಳುವುದುಂಟು. ಆದುದರಿಂದ ಕಾಯಿಲೆಯ ಕೋಳಿಯನ್ನು ಇಡುವಾಗಲೂ, ರೋಗ ಅಂಟುವಂಥದಲ್ಲದಿದ್ದರೆ, ಉಳಿದವುಗಳ ಕಣ್ಣಿಗೆ ಬೀಳುವ ಜಾಗದಲ್ಲಿಡುವುದು ಮೇಲು.

ಹೊಸದು ಬಂದರೆ ತೊಂದರೆ ಹೊಸದಕ್ಕೆ ಮಾತ್ರ ಎಂದು ತಿಳಿಯಬಾರದು. ಇದೇ ಗೂಲ್, ಷಿಕಾಗೋ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಆಲೀ ಎಂಬವರೊಡನೆ ಸೇರಿ ೧೯೪೪ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಕೆಲವು ಹಿಂಡುಗಳನ್ನು ಅವರು ಇದ್ದಹಾಗೆಯೇ ಬಿಟ್ಟರು. ಕೆಲವು ಹಿಂಡುಗಳಲ್ಲಿ ಹಳೆಯ ಹಕ್ಕಿಯನ್ನು ತೆಗೆಯುವುದು, ಹೊಸದನ್ನು ಸೇರಿಸುವುದು, ಹೀಗೆ ಸದಸ್ಯತ್ವವನ್ನು ಬದಲಾಯಿಸುತ್ತಲೇ ಹೋದರು. ಬದಲಾಗುತ್ತಿದ್ದ ಹಿಂಡಿನ ಕೋಳಿಗಳು ಹೆಚ್ಚು ಕುಕ್ಕಾಡಿದುವು, ಕಡಮೆ ತಿಂದುವು, ಕಡಮೆ ಮೊಟ್ಟೆಯಿಟ್ಟುವು. ವಾರಕ್ಕೊಂದು ಕೋಳಿಯನ್ನು ಸಂತೆಯಿಂದ ತಂದು ಸೇರಿಸುವ ಉತ್ಸಾಹಿಗಳು ಮೊಟ್ಟೆ ಏಕೆ ಬರುತ್ತಿಲ್ಲವೆಂದು ಮೇವಿನ ಅಂಗಡಿಯವನನ್ನು ಬೈಯುವುದನ್ನು ನಾವು ಕೇಳಿದ್ದೇವೆ. ಅಂಗಡಿಯವನ ತಪ್ಪೇನೂ ಇರಲಾರದು.

ಇನ್ನೂ ಒಂದು ಪ್ರಯೋಗವನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಕೆನಡದ ಸಂಶೋಧಕರು ೧೯೯೬ರಲ್ಲಿ ಪ್ರಕಟಿಸಿದ್ದು. ಒಂದು ಹೇಂಟೆಯನ್ನು ಪ್ರೇಕ್ಷಕಳಾಗಿ ನಿಲ್ಲಿಸಿ, ಅದರ ಕಣ್ಣೆದುರಿಗೆ ಅದರ ಯಜಮಾನಿ ಹೇಂಟೆಗೂ ಅಪರಿಚಿತ ಹೇಂಟೆಗೂ ಜಗಳ ಮಾಡಿಸಿದರು. ಯಜಮಾನಿ ಸೋತದ್ದನ್ನು ನೋಡಿದ ಹೇಂಟೆ ಅಪರಿಚಿತಳ ತಂಟೆಗೆ ಹೋಗದೆ ತಲೆಬಾಗಿತು. ಯಜಮಾನಿ ಗೆದ್ದದ್ದನ್ನು ನೋಡಿದ ಹೇಂಟೆ, ಇದನ್ನು ನಾನೂ ಗೆಲ್ಲಬಲ್ಲೆನೆಂಬಂತೆ ಅಪರಿಚಿತಳ ಮೇಲೆ ಹೋಗಲು ಹಿಂಜರಿಯಲಿಲ್ಲ. ಅಂದರೆ ಕೋಳಿಗಳು ಬೇಲಿಯಾಚೆಯಿಂದ ನೋಡಿಯೂ ಕಲಿಯುತ್ತವೆ. ಕೋಳಿಯ ತಲೆ ಚಿಕ್ಕದೆಂದು ಹಾಸ್ಯಮಾಡುವವರು ಈ ಪ್ರಯೋಗವನ್ನು ಕೊಂಚ ಆಲೋಚಿಸಬೇಕು. ಮೊದಲ ಕಾಲು ಗಂಟೆಯಲ್ಲಿ ಮರಿ ಸೋತು ಮೂಲೆ ಸೇರಿದ್ದನ್ನು ಹಿಂಡೆಲ್ಲವೂ ನೋಡಿದರೆ ಆ ಸೋಲು ಒಂದಕ್ಕೆ ಏಳಾಗುತ್ತದೆ. ಹೊಸ ಮರಿಯನ್ನು ಸೇರಿಸುವ ವಿಧಾನಗಳೆಲ್ಲವೂ ಈ ಮೊದಲ ಸೋಲನ್ನು ಸಣ್ಣದು ಮಾಡುವ, ಅಥವಾ ಮುಂದಕ್ಕೆ ತಳ್ಳುವ ಉಪಾಯಗಳೇ.

ಇವುಗಳಲ್ಲಿ ಉತ್ತಮೋತ್ತಮವಾದುದು ಮನುಷ್ಯನದಲ್ಲ, ತಾಯಿಕೋಳಿಯದು. ಕಾವಿಗೆ ಕೂತ ಹೇಂಟೆ ಮರಿಗಳನ್ನು ಹೊರಡಿಸಿಕೊಂಡು ಹಿಂಡಿನ ನಡುವೆ ಬಂದರೆ ಯಾವ ಯಜಮಾನಿಯೂ ಆ ಮರಿಗಳನ್ನು ಮುಟ್ಟಲು ಧೈರ್ಯಮಾಡುವುದಿಲ್ಲ. ತಾಯಿ ಮೈಗರಿ ಉಬ್ಬಿಸಿ ನಿಂತರೆ ನಾಯಿಯೂ ಹಿಂದೆಗೆಯುತ್ತದೆ. ತಾಯಿ ಮರಿಗಳನ್ನು ಕುಕ್ಕಿ ದೂರಮಾಡುವ ಹೊತ್ತಿಗೆ ಹಿಂಡಿಗೆ ಆ ಮುಖಗಳೆಲ್ಲ ಪರಿಚಿತವಾಗಿರುತ್ತವೆ. ಕಾವಿಗೆ ಕೂತ ಹೇಂಟೆ ಮನೆಯಲ್ಲಿದ್ದರೆ, ಒಂದೆರಡು ದಿನದ ಮರಿಗಳನ್ನು ತಂದು ರಾತ್ರಿ ಕತ್ತಲೆಯಲ್ಲಿ ಅದರ ರೆಕ್ಕೆಯಡಿಯಲ್ಲಿ ಇರಿಸಿದರೆ ಸಾಮಾನ್ಯವಾಗಿ ತನ್ನವೆಂದೇ ಸಾಕಿಕೊಳ್ಳುತ್ತದೆ. ಆದರೆ ಕಾವು ಎಂಬುದು ನಾವು ಕರೆದಾಗ ಬರುವುದಿಲ್ಲ. ಹೆಚ್ಚು ಮೊಟ್ಟೆಗಾಗಿ ಬೆಳೆಸಿದ ಸೀಮೆಜಾತಿಗಳಲ್ಲಿ ಕಾವಿನ ಗುಣವೇ ಬಹುಪಾಲು ಹೋಗಿಬಿಟ್ಟಿದೆ. ಆದ್ದರಿಂದ ಮಿಕ್ಕ ಉಪಾಯಗಳು ಬೇಕಾಗುತ್ತವೆ.

ಹೊರಗಿನಿಂದ ತಂದ ಮರಿಯನ್ನು ಮೊದಲು ಹಿಂಡಿನಿಂದ ಪೂರ್ತಿಯಾಗಿ ದೂರವಿಡಬೇಕು. ಇದು ಜಗಳಕ್ಕಾಗಿ ಅಲ್ಲ, ರೋಗಕ್ಕಾಗಿ. ರಾಣಿಖೇತ್ ಎಂಬ ಕೋಳಿಗಳ ಮಾರಿಯನ್ನು ತಾವು ಕೇಳಿರಬಹುದು; ನಮ್ಮ ಹಳ್ಳಿಗಳಲ್ಲಿ ಇದನ್ನು ಕೊಕ್ಕರೆ ರೋಗವೆನ್ನುತ್ತಾರೆ. ೧೯೨೬ರಲ್ಲಿ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದ ಬಳಿಯೂ ಕಾಣಿಸಿಕೊಂಡ ಈ ರೋಗ ಮರುವರ್ಷ ಹಿಮಾಲಯದ ಕುಮಾವೂ ಸೀಮೆಯ ರಾಣಿಖೇತ್ ಎಂಬ ಊರಿನಲ್ಲಿ ತೋರಿತು. ಇಂಗ್ಲೆಂಡಿನವರು ಅದಕ್ಕೆ ತಮ್ಮ ಊರಿನ ಹೆಸರನ್ನಿಟ್ಟರೆ ನಮ್ಮವರು ರಾಣಿಖೇತಿನ ಹೆಸರನ್ನಿಟ್ಟರು. ಅಷ್ಟು ಚೆಲುವಾದ ಗಿರಿಧಾಮಕ್ಕೆ ಈ ಅಪಕೀರ್ತಿ ಬರಬಾರದಾಗಿತ್ತು. ರೋಗ ತಗುಲಿದ ಹಕ್ಕಿ ಲಕ್ಷಣ ತೋರುವುದಕ್ಕೆ ಸಾಮಾನ್ಯವಾಗಿ ಐದಾರು ದಿನ, ಕೆಲವು ವೇಳೆ ಎರಡು ವಾರ ಹಿಡಿಯುತ್ತದೆ. ಸಂತೆಯಲ್ಲಿ ಚುರುಕಾಗಿ ಕಂಡ ಮರಿ ಮನೆಗೆ ಬಂದು ವಾರವಾದ ಮೇಲೆ ಕತ್ತು ತಿರುಚಿಕೊಂಡು ಬೀಳಬಹುದು. ಅಷ್ಟರಲ್ಲಿ ಅದು ಹಿಂಡಿನೊಂದಿಗೆ ನೀರು ಕುಡಿದಿದ್ದರೆ ಹಿಂಡಿನ ಗತಿ ಹೇಳಬೇಕಾದುದಿಲ್ಲ. ಆದುದರಿಂದ ಮೂರು ನಾಲ್ಕು ವಾರ ಬೇರೆ ಗೂಡು, ಬೇರೆ ನೀರಿನ ಪಾತ್ರೆ. ಹಿಂಡಿಗೆ ಮೊದಲು ಮೇವು ಹಾಕಿ, ಆಮೇಲೆ ಹೊಸದರ ಬಳಿಗೆ ಹೋಗುವ ಅಭ್ಯಾಸ. ಲಸಿಕೆಯನ್ನೂ ಹಾಕಿಸಬೇಕು. ರೆಕ್ಕೆಯ ಕೆಳಗೂ ಗುದದ ಸುತ್ತಲೂ ಹೇನುಗಳಿವೆಯೇ ಎಂದು ಗರಿ ಬಿಡಿಸಿ ನೋಡಬೇಕು.

ವಯಸ್ಸಿಗಿಂತಲೂ ಗಾತ್ರ ಮುಖ್ಯ. ಆರು ವಾರದ ಮರಿಗೆ ಗರಿ ಬಂದಿರಬಹುದು, ಆದರೆ ದೊಡ್ಡ ಹೇಂಟೆಯ ಒಂದು ಕುಕ್ಕು ಅದರ ತಲೆಯನ್ನೇ ಒಡೆದೀತು. ಮೂರರಿಂದ ನಾಲ್ಕು ತಿಂಗಳಾಗಿ, ಮೈ ಹಳೆಯವುಗಳ ಮೈಗೆ ಸಮೀಪವಾದ ಮೇಲೆ ಸೇರಿಸುವುದು ಕ್ಷೇಮ. ನಾಟಿಕೋಳಿಗಳ ಹಿಂಡಿಗೆ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪಿಸಿದ ಗಿರಿರಾಜದಂಥ ದಪ್ಪಜಾತಿಯನ್ನು ಸೇರಿಸುವಾಗ ಈ ಕಷ್ಟ ಕಡಮೆ. ಆದರೆ ಗಿರಿರಾಜಗಳ ನಡುವೆ ನಾಟಿ ಮರಿಯೊಂದನ್ನು ಬಿಡುವಾಗ ಎರಡರಷ್ಟು ಎಚ್ಚರವಿರಬೇಕು. ಮೇವಿನಲ್ಲಿಯೂ ಒಂದು ಸೂಕ್ಷ್ಮವಿದೆ. ಮೊಟ್ಟೆಯಿಡುವ ಕೋಳಿಗಳಿಗಾಗಿ ತಯಾರಿಸಿದ ಮೇವಿನಲ್ಲಿ ಕ್ಯಾಲ್ಸಿಯಂ ಎಂಬ ಸುಣ್ಣದ ಅಂಶ ನೂರಕ್ಕೆ ಮೂರೂವರೆ ನಾಲ್ಕರವರೆಗೆ ಇರುತ್ತದೆ. ಬೆಳೆಯುವ ಮರಿಗೆ ಬೇಕಾದುದು ನೂರಕ್ಕೆ ಒಂದರಷ್ಟು. ಹೆಚ್ಚಾದದ್ದು ಮರಿಯ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಹೊಸದೂ ಹಳೆಯದೂ ಒಂದೇ ತಟ್ಟೆಯಲ್ಲಿ ತಿನ್ನುವ ಕಾಲ ಬಂದಾಗ ಎಲ್ಲಕ್ಕೂ ಬೆಳೆಯುವ ಕೋಳಿಯ ಮೇವನ್ನೇ ಹಾಕಿ, ಕಪ್ಪೆಚಿಪ್ಪಿನ ನುಚ್ಚನ್ನು ಬೇರೆ ಪಾತ್ರೆಯಲ್ಲಿಟ್ಟರೆ, ಮೊಟ್ಟೆಯಿಡುವ ಹೇಂಟೆಗಳು ತಮಗೆ ಬೇಕಾದಷ್ಟನ್ನು ತಾವೇ ಹೋಗಿ ತಿನ್ನುತ್ತವೆ.

ಬೇರೆಯಿಟ್ಟ ಅವಧಿ ಮುಗಿದಮೇಲೆ ಕಾಣಿಸುವ ಆದರೆ ಮುಟ್ಟಲಾಗದ ಅವಧಿ ಬರಬೇಕು. ಹಿಂಡು ಅಡ್ಡಾಡುವ ಜಾಗದಲ್ಲಿಯೇ ಒಂದು ಮೂಲೆಯನ್ನು ತಂತಿಬಲೆಯಿಂದ ಕಟ್ಟಿ, ಅದರೊಳಗೆ ಮರಿಯನ್ನು ಎರಡು ವಾರ ಇಡಬೇಕು. ಮೇವಿನ ಪಾತ್ರೆಗಳನ್ನು ಬಲೆಯ ಎರಡು ಪಕ್ಕದಲ್ಲಿಯೂ ಹತ್ತಿರವಿಟ್ಟರೆ ಹಳೆಯದೂ ಹೊಸದೂ ಎದುರುಬದುರಾಗಿ ತಿನ್ನುತ್ತವೆ. ಮೊದಲ ದಿನ ಬಲೆಯ ಮೇಲೆಯೇ ಹಾಯುತ್ತವೆ. ನಾಲ್ಕನೆಯ ದಿನ ಹಾಯುವುದು ಕಡಮೆಯಾಗುತ್ತದೆ. ಹತ್ತನೆಯ ದಿನ ಯಾವುದೂ ತಿರುಗಿ ನೋಡುವುದಿಲ್ಲ. ಬಲೆ ತೆಗೆಯತಕ್ಕದ್ದು ಪಂಚಾಂಗ ನೋಡಿ ಅಲ್ಲ, ಈ ಉದಾಸೀನವನ್ನು ನೋಡಿ.

ಒಂಟಿ ಮರಿಯನ್ನು ಸೇರಿಸಬಾರದು, ಎರಡನ್ನೋ ಮೂರನ್ನೋ ಒಟ್ಟಿಗೆ ಸೇರಿಸಬೇಕು ಎಂದು ತಿಳಿದವರೆಲ್ಲ ಹೇಳುತ್ತಾರೆ. ಕಾರಣ ಹಿಂದೆ ಹೇಳಿದ ಲೆಕ್ಕವೇ: ಏಟು ಹಂಚಿಹೋಗುತ್ತದೆ, ಮರಿಗೆ ಹಿಂಡಿನೊಳಗೇ ತನ್ನದೊಂದು ಸಣ್ಣ ಹಿಂಡು ಇರುತ್ತದೆ. ಆದರೆ ಒಂಟಿ ಮರಿಯನ್ನು ಯಾರೂ ಬೇಕೆಂದು ಮಾಡಿಕೊಳ್ಳುವುದಿಲ್ಲ, ಅದು ಆಗಿಬಿಡುತ್ತದೆ. ಎರಡು ವರ್ಷಗಳ ಕೆಳಗೆ ನಮ್ಮಲ್ಲಿ ತಾಯಿಕೋಳಿಯನ್ನೂ ಅದರ ಮರಿಗಳನ್ನೂ ಮುಂಗುಸಿ ಹಿಡಿಯಿತು. ಉಳಿದದ್ದು ಮೂರು ವಾರದ ಒಂದೇ ಮರಿ. ನಮ್ಮ ಮನೆಯವರು ಅದನ್ನು ಪಡಸಾಲೆಯಲ್ಲಿ ಮಂಕರಿಯ ಕೆಳಗೆ ಸಾಕಿದರು. ನುಚ್ಚು, ಹೆಚ್ಚಿದ ಸೊಪ್ಪು, ಗೆದ್ದಲು, ಯಾವುದಕ್ಕೂ ಕೊರತೆಯಿರಲಿಲ್ಲ. ಅದು ಅವರ ಸೆರಗಿನ ಹಿಂದೆಯೇ ಓಡಾಡಿಕೊಂಡು ಬೆಳೆಯಿತು. ಮೂರು ತಿಂಗಳಾಗುವ ಹೊತ್ತಿಗೆ ಅದಕ್ಕೆ ಗೊತ್ತಿದ್ದದ್ದು ಮನುಷ್ಯರ ಕಾಲುಗಳು ಮಾತ್ರ, ಕೋಳಿಯ ಭಾಷೆ ಗೊತ್ತಿರಲಿಲ್ಲ. ಇನ್ನೊಂದು ಕೋಳಿ ಕತ್ತೆತ್ತಿದರೆ ದಾರಿ ಬಿಡಬೇಕೆಂಬುದು ಮರಿಗಳು ಆರು ಹತ್ತು ವಾರದ ವಯಸ್ಸಿನಲ್ಲಿ ಒಡಹುಟ್ಟಿದವುಗಳೊಡನೆ ಹೊಡೆದಾಡಿ ಕಲಿಯತಕ್ಕ ವಿದ್ಯೆ. ಒಡಹುಟ್ಟಿದವು ಇಲ್ಲದ ಮರಿಗೆ ಆ ವಿದ್ಯೆ ಎಲ್ಲಿಂದ ಬರಬೇಕು?

ಅದೇ ವಯಸ್ಸಿನ ಇನ್ನೊಂದು ಮರಿಯನ್ನು ಪರಿಚಯದ ರೈತರೊಬ್ಬರಿಂದ ತರಿಸಿ, ನಾಲ್ಕು ವಾರ ಬೇರೆಯಿಟ್ಟು, ಆಮೇಲೆ ಎರಡನ್ನೂ ಜೊತೆಮಾಡಿದೆವು. ಅವೆರಡರ ನಡುವೆ ಒಂದು ದಿನ ಜಗಳವಾಯಿತು. ರೈತರ ಮನೆಯದು ಗೆದ್ದಿತು. ರಾತ್ರಿ ಎರಡೂ ಒತ್ತಿಕೊಂಡು ಮಲಗಿದುವು. ಬಲೆಯ ಅವಧಿ ಕಳೆದು ಬಾಗಿಲು ತೆಗೆದ ದಿನ ಹಿಂಡಿನ ಯಜಮಾನಿಯಾದ ಬೂದುಬಣ್ಣದ ಹೇಂಟೆ ಬಂದು ಒಂದೊಂದಕ್ಕೆ ಒಂದೊಂದು ಕುಕ್ಕು ಕೊಟ್ಟು, ಕೆಲಸ ಮುಗಿಯಿತೆಂಬಂತೆ ಹೊರಟುಹೋಯಿತು. ಬಿಡದೆ ಕಾಡಿದ್ದು ಯಾವುದೆಂದರೆ ಹಿಂಡಿನಲ್ಲಿ ಎಲ್ಲಕ್ಕಿಂತ ಕೆಳಗಿದ್ದ ಮೋಟುಬಾಲದ ಹೇಂಟೆ. ಅದುವರೆಗೆ ಎಲ್ಲರಿಂದಲೂ ಕುಕ್ಕಿಸಿಕೊಳ್ಳುತ್ತಿದ್ದ ಅದಕ್ಕೆ ಕುಕ್ಕುವುದಕ್ಕೆ ಕೊನೆಗೂ ಒಂದು ಸಿಕ್ಕಿತ್ತು. ಕೋಳಿ ಸಾಕುವವರಲ್ಲಿ ಅನೇಕರು ಇದೇ ಸಂಗತಿಯನ್ನು ಹೇಳಿದ್ದಾರೆ. ಯಜಮಾನಿಗೆ ತನ್ನ ಸ್ಥಾನದ ವಿಷಯದಲ್ಲಿ ಸಂದೇಹವಿಲ್ಲ; ಸಂದೇಹವಿರುವುದು ಕೊನೆಯ ಮೆಟ್ಟಿಲಿನಲ್ಲಿರುವುದಕ್ಕೆ. ಇಲ್ಲಿಂದ ಮನುಷ್ಯಸಮಾಜಕ್ಕೆ ನೀತಿಯೊಂದನ್ನು ತೆಗೆಯುವುದು ಬಹಳ ಸುಲಭ. ಆದರೆ ಅದು ಪಂಚತಂತ್ರದವರ ಕೆಲಸ, ನಮ್ಮದಲ್ಲ.

ರೈತರ ಮನೆಯ ಮರಿ ಒಂದು ವಾರದೊಳಗೆ ಮೋಟುಬಾಲದ್ದನ್ನು ಎದುರಿಸಿ ಗೆದ್ದಿತು. ನಮ್ಮ ಮರಿ ಎದುರಿಸಲಿಲ್ಲ. ಕುಕ್ಕು ಬಿದ್ದೊಡನೆ ಅದು ಹಿತ್ತಿಲ ಬಾಗಿಲಿಗೆ ಓಡಿಬಂದು ಕೂಗುತ್ತಿತ್ತು. ಬಾಗಿಲು ತೆಗೆಯದಿದ್ದರೆ ನಿಂಬೆಗಿಡದ ಮೇಲೆ ಹತ್ತಿ ಕೂರುತ್ತಿತ್ತು. ಬಾಗಿಲು ತೆಗೆಯಬೇಕೇ ಬೇಡವೇ ಎಂದು ಮನೆಯಲ್ಲಿ ಚರ್ಚೆಯಾಯಿತು. ತೆಗೆದರೆ ಮರಿಗೆ ಕೋಳಿಗಳ ನಡುವೆ ಬದುಕು ಎಂದಿಗೂ ಇಲ್ಲ, ತೆಗೆಯದಿದ್ದರೆ ಕಣ್ಣಿನಿಂದ ನೋಡಲಾಗುವುದಿಲ್ಲ. ಕೊನೆಗೆ ಮನೆಯವರೇ, “ಅದು ನಮ್ಮ ಕಾಲು ಬಿಟ್ಟು ಬೇರೆ ಕಾಲು ನೋಡಲಿ” ಎಂದು ಹೇಳಿ ಅಗುಳಿ ಹಾಕಿದರು. ನಿಂಬೆಗಿಡದ ಕೆಳಗೆ ಒಂದು ಪಾತ್ರೆ ನೀರನ್ನೂ ಒಂದು ಹಿಡಿ ಮೇವನ್ನೂ ಇಡುತ್ತಿದ್ದೆವು. ಹೀಗೆ ಐದು ವಾರ ನಡೆಯಿತು. ಆರನೆಯ ವಾರದಲ್ಲಿ ಒಂದು ಸಂಜೆ ಅದು ತನ್ನ ಜೊತೆಗಾತಿಯ ಹಿಂದೆ ಗೂಡಿಗೆ ನಡೆದು ಗಳುವಿನ ತುದಿಯಲ್ಲಿ ಕೂತಿತು. ಅದರ ಸ್ಥಾನ ಇಂದಿಗೂ ಗಳುವಿನ ತುದಿಯೇ.

ಈ ಮರಿ ಉಳಿದದ್ದಕ್ಕೆ ಹಿತ್ತಿಲಿನ ಏರ್ಪಾಟೂ ಕಾರಣ. ಸೋತ ಕೋಳಿ ಓಡಿಹೋಗುವುದಕ್ಕೆ ಜಾಗವಿರಬೇಕು, ಮತ್ತು ಗೆದ್ದದ್ದರ ಕಣ್ಣಿಗೆ ಮರೆಯಾಗುವುದಕ್ಕೆ ಅಡ್ಡವಿರಬೇಕು. ಕಾಡಿನಲ್ಲಿ ಇವೆರಡಕ್ಕೂ ಬರವಿಲ್ಲ. ಆದುದರಿಂದಲೇ ಅಲ್ಲಿ ಜಗಳ ಕೊಲೆಯವರೆಗೆ ಹೋಗುವುದು ಅಪರೂಪ. ಇತ್ತೀಚೆಗೆ ಬೆಂಗಳೂರಿನಂಥ ಊರುಗಳಲ್ಲಿ ಮಾಳಿಗೆಯ ಮೇಲೆ ಕೋಳಿ ಸಾಕುವವರು ಈ ಮಾತನ್ನು ಮುಖ್ಯವಾಗಿ ಗಮನಿಸಬೇಕು. ನಾಲ್ಕು ಗೋಡೆಗಳ ನಡುವೆ ಓಡುವುದೆಂದರೆ ಸುತ್ತು ಹಾಕಿ ಅದೇ ಕೊಕ್ಕಿಗೆ ಸಿಕ್ಕುವುದು. ಗೋಡೆಗೆ ಒರಗಿಸಿದ ಒಂದು ಹಲಗೆ, ಮಗುಚಿಟ್ಟ ಎರಡೂ ತುದಿ ತೆರೆದಿರುವ ಪೆಟ್ಟಿಗೆ, ಒಂದು ಮೂಲೆಯಲ್ಲಿ ಸೌದೆಯ ರಾಶಿ, ಇಷ್ಟಿದ್ದರೂ ಬಹಳ ಸಹಾಯ. ಒಂದೇ ತೆರವುಳ್ಳ ಮರೆ ಮಾತ್ರ ಕೂಡದು. ಅದು ಆಶ್ರಯವಲ್ಲ, ಬೋನು. ಮರಿ ನುಗ್ಗಬಹುದಾದ, ದೊಡ್ಡ ಹೇಂಟೆ ನುಗ್ಗಲಾಗದ ಕಿಂಡಿಯುಳ್ಳ ಪಂಜರವೊಂದನ್ನು ಮಾಡಿಸಿ ಅದರೊಳಗೆ ಮೇವಿಟ್ಟರೆ ಇನ್ನೂ ಮೇಲು. ಮೇವು ನೀರಿನ ಪಾತ್ರೆಗಳು ಎರಡೆರಡಾದರೂ ಇರಬೇಕು, ಒಂದರ ಬಳಿ ನಿಂತ ಯಜಮಾನಿಗೆ ಇನ್ನೊಂದು ಕಾಣಿಸದಷ್ಟು ದೂರದಲ್ಲಿ.

ಹೊಸ ಕೋಳಿಯನ್ನು ರಾತ್ರಿ ಹೊತ್ತಿನಲ್ಲಿ ಮಲಗಿದ ಹಿಂಡಿನ ನಡುವೆ ಗಳುವಿನ ಮೇಲೆ ಕೂರಿಸಿಬಿಟ್ಟರೆ ಬೆಳಿಗ್ಗೆ ಏಳುವಾಗ ನಮ್ಮದೇ ಎಂದುಕೊಳ್ಳುತ್ತವೆ ಎಂಬ ನಂಬಿಕೆ ಪ್ರಚಾರದಲ್ಲಿದೆ. ಕತ್ತಲೆಯಲ್ಲಿ ಕೋಳಿಗೆ ಕಣ್ಣು ಮಂದ, ಜಗಳವಾಡುವುದಿಲ್ಲ ಎಂಬುದೇನೋ ನಿಜ. ಆದರೆ ಬೆಳಕು ಹರಿದಮೇಲೆ ಮುಖ ನೋಡದೆ ಇರುತ್ತವೆಯೇ? ಬಲೆಯ ಅವಧಿಯನ್ನು ಕಳೆದ ಮರಿಯನ್ನು ಹೀಗೆ ಸೇರಿಸಿದರೆ ಒಂದು ಹಗಲಿನ ಗಲಿಬಿಲಿ ಉಳಿಯುತ್ತದೆ. ಬಲೆಯ ಬದಲಾಗಿ ಇದನ್ನು ಮಾಡುವುದಾದರೆ, ಯಜಮಾನರು ಕೋಳಿಗಳಿಗಿಂತ ಮುಂಚೆ ಎದ್ದು ಬಾಗಿಲು ತೆಗೆಯಬೇಕಾಗುತ್ತದೆ. ಮುಚ್ಚಿದ ಗೂಡಿನೊಳಗೆ ಬೆಳಗಾದರೆ ಮರಿಗೆ ಓಡಲು ದಾರಿಯಿಲ್ಲ. ನಗರವಾಸಿಗಳಲ್ಲಿ ಅಷ್ಟು ಬೇಗ ಏಳುವವರು ಎಷ್ಟು ಮಂದಿ ಎಂಬುದನ್ನು ತಾವೇ ಬಲ್ಲಿರಿ.

ಜಗಳದಲ್ಲಿ ಕೈಹಾಕಬೇಕಾದುದು ಯಾವಾಗ? ಎದೆಗೆ ಎದೆ ಕೊಟ್ಟು ನಿಲ್ಲುವುದು, ಅಟ್ಟಿಸಿಕೊಂಡು ಹೋಗುವುದು, ನಾಲ್ಕು ಗರಿ ಉದುರುವುದು, ಇವು ಒಪ್ಪಂದದ ಭಾಗ. ನಡುವೆ ಬಿಡಿಸಿದರೆ ನಾಳೆ ಮತ್ತೆ ಮೊದಲಿನಿಂದ ಪ್ರಾರಂಭ. ರಕ್ತ ಕಂಡರೆ ಮಾತ್ರ ಒಂದು ಕ್ಷಣವೂ ತಡಮಾಡಬಾರದು. ಕೆಂಪು ಕಂಡಲ್ಲಿ ಕುಕ್ಕುವುದು ಕೋಳಿಯ ಸ್ವಭಾವ, ಒಂದು ಕುಕ್ಕಿದ್ದನ್ನು ಎಲ್ಲವೂ ಕುಕ್ಕುತ್ತವೆ, ಅಲ್ಲಿಗೆ ಕ್ರಮವೂ ಇಲ್ಲ ಒಪ್ಪಂದವೂ ಇಲ್ಲ. ಗಾಯಗೊಂಡದ್ದನ್ನು ಎತ್ತಿಕೊಂಡು, ತೊಳೆದು, ಗಾಯ ಮಾಗುವವರೆಗೆ ಬಲೆಯ ಹಿಂದೆ ಇಡಬೇಕು. ಮರಿ ನೀರಿಗೂ ಮೇವಿಗೂ ಬಾರದೆ ಒಂದು ದಿನವೆಲ್ಲ ಮೂಲೆಯಲ್ಲಿ ನಿಂತಿದ್ದರೂ ಹಾಗೆಯೇ. ಒಂದೇ ಹೇಂಟೆ ಬಿಡದೆ ಕಾಡುತ್ತಿದ್ದರೆ ಮರಿಯ ಬದಲು ಆ ಹೇಂಟೆಯನ್ನೇ ಮೂರು ನಾಲ್ಕು ದಿನ ಬೇರೆಯಿಟ್ಟು ನೋಡಬಹುದು. ತಿರುಗಿ ಬರುವಾಗ ತನ್ನ ಸ್ಥಾನವನ್ನು ಸ್ಥಾಪಿಸಿಕೊಳ್ಳುವ ಚಿಂತೆ ಅದಕ್ಕೇ ಹತ್ತಿರುತ್ತದೆ. ಹಿಂಡಿನಲ್ಲಿ ವಯಸ್ಸಾದ ಒಳ್ಳೆಯ ಹುಂಜವಿದ್ದರೆ ಹೇಂಟೆಗಳ ಜಗಳವನ್ನು ತಾನೇ ನಡುವೆ ನುಗ್ಗಿ ಬಿಡಿಸುವುದೂ ಉಂಟು.

ಕೊನೆಯದಾಗಿ, ಎಲ್ಲವೂ ಮುಗಿಯಿತೆಂದು ನಾವು ಮರೆತಿರುವಾಗ ಬರುವ ಎರಡನೆಯ ಗಲಿಬಿಲಿಯೊಂದಿದೆ. ಐದಾರು ತಿಂಗಳಾಗಿ ಮೊಟ್ಟೆಯಿಡುವ ಕಾಲ ಹತ್ತಿರವಾದಾಗ ಎಳೆಯ ಹೇಂಟೆಯ ಜುಟ್ಟು ದಪ್ಪವಾಗಿ ಕೆಂಪೇರುತ್ತದೆ. ತಲೆಯನ್ನು ನೋಡಿ ಗುರುತು ಹಿಡಿಯುವ ಹಿಂಡಿಗೆ ಇದು ಬೇರೊಂದು ಮುಖ. ಹೇಂಟೆಗೂ ಹೊಸದೊಂದು ಧೈರ್ಯ ಬಂದಿರುತ್ತದೆ. ಮುಗಿದಿದ್ದ ಒಪ್ಪಂದಗಳಲ್ಲಿ ಒಂದೆರಡು ತಿರುಗಿ ವಿಚಾರಣೆಗೆ ಬರುತ್ತವೆ. ಅದೇ ದಿನಗಳಲ್ಲಿ ಅದು ಮೊಟ್ಟೆಯಿಡಲು ಮರೆಯಾದ ಜಾಗವನ್ನು ಹುಡುಕುತ್ತ ಹಳೆಯವುಗಳ ಗೂಡಿನ ಮುಂದೆ ಸುಳಿದಾಡುತ್ತದೆ. ನಾಲ್ಕು ಹೇಂಟೆಗಳಿಗೆ ಒಂದರಂತೆ ಹುಲ್ಲುಹಾಸಿದ ಬುಟ್ಟಿಗಳಿರಬೇಕು. ಒಂದು ಬುಟ್ಟಿಯನ್ನು ಉಳಿದವುಗಳಿಂದ ದೂರವಾಗಿ, ಕತ್ತಲೆಯ ಮೂಲೆಯಲ್ಲಿರಿಸಿ, ಅದರಲ್ಲಿ ಮರದ ಮೊಟ್ಟೆಯೊಂದನ್ನೋ ನುಣುಪಾದ ಬಿಳಿಯ ಕಲ್ಲನ್ನೋ ಇಟ್ಟಿದ್ದರೆ ಹೊಸ ಹೇಂಟೆ ಅದನ್ನು ತಾನಾಗಿಯೇ ಕಂಡುಕೊಳ್ಳುತ್ತದೆ.